ತೂಕ ಇಳೀತು, ಅಪ್ಪ ಬಂದ್ರು

ನಮ್ಮ ಮನೇಲಿ ಇರೋರು ಯಾರು, ಹೋದೋರು ಯಾರು ಅನ್ನೋದರಲ್ಲಿ ಆಗಾಗ ಸಣ್ಣಪುಟ್ಟ ಗೊಂದಲ ಆಗ್ತಾನೇ ಇರುತ್ತೆ. ಬೇರೆಯವರ ಮನೇಲಿ ಕರೆಂಟ್ ಹೋಗಿ ಬರುತ್ತಲ್ಲ, ಹಾಗೆ. ನಾನು ವಿಮೆ ಆಫೀಸಿನ ಡೆತ್ ಕ್ಲೇಮ್ ಸೆಕ್ಷನ್ನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೀನಿ. ಸತ್ತೋರ ಕಾಗದ ಪತ್ರ ನೋಡೋದೇ ಕೆಲಸ. ಹಾಗಾಗಿ ಇಂಥದ್ದೆಲ್ಲ ನನಗೆ ಅಭ್ಯಾಸ ಅಂತ ಅಂದ್ಕೊಂಡಿದ್ದೆ. ಹೋದ ವರ್ಷ ತೂಕ ಇಳಿಸೋಕೆ ಹೊರಟ ಮೇಲೆ ಆಗಿದ್ದು ಮಾತ್ರ ನನಗೂ ಸ್ವಲ್ಪ ಜಾಸ್ತಿ ಅನ್ನಿಸ್ತು.

ಮುದ್ದೆ ಬಿಟ್ಟಿದ್ದು

ಯುಗಾದಿ ಆದ ವಾರ ಆಫೀಸಿನಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದ್ರು. ನನ್ನ ರಿಪೋರ್ಟ್ ತಗೊಂಡು ಲಕ್ಷ್ಮೀಪುರಂನಲ್ಲಿರೋ ನಮ್ಮ ಡಾಕ್ಟರ ಹತ್ರ ಹೋದೆ. ಅವರು ಒಂದು ಹಳೇ ಮನೆಯ ಮುಂದಿನ ರೂಮಲ್ಲಿ ಕೂರ್ತಾರೆ. ಮಾತು ಕಮ್ಮಿ. ರಿಪೋರ್ಟ್ ನೋಡಿದ್ರು. ತೂಕ ತೊಂಬತ್ತೆರಡು ಕೆಜಿ, ಕೆಟ್ಟ ಕೊಲೆಸ್ಟ್ರಾಲ್ ನೂರ ನಲವತ್ತೆಂಟು.

"ತಂದೆಯವರು?"

"ಇಲ್ಲ ಸಾರ್. ಹಾರ್ಟು."

"ಆಗ ಅವರಿಗೆ ವಯಸ್ಸೆಷ್ಟು?"

"ಐವತ್ತೆರಡು."

"ನಿಮಗೀಗ?"

"ಐವತ್ತೊಂದು. ಮಹಾಲಯ ಅಮಾವಾಸ್ಯೆ ಆದ ಮೂರನೇ ದಿನಕ್ಕೆ ಐವತ್ತೆರಡು."

ಡಾಕ್ಟರು ಪೆನ್ನಿನ ಕ್ಯಾಪ್ ತೆಗೆದ್ರು.

ನಾನು ಅವರ ಕೈ ತಡೆಯೋ ಥರ ಮಾತಾಡಿದೆ. "ಸಾರ್, ನಮ್ಮಪ್ಪ ಊದುಬತ್ತಿ ಕಡ್ಡಿ ಥರ ಇದ್ರು. ಅವರದ್ದು ಬೇರೆ ಕೇಸು. ನಂದು ಬೊಜ್ಜಿನ ಕೊಲೆಸ್ಟ್ರಾಲು. ಅನ್ನ, ಮುದ್ದೆ, ಸಕ್ಕರೆ, ಬೆಲ್ಲ ಎಲ್ಲಾ ಬಿಟ್ಬುಟ್ರೆ ಬೊಜ್ಜೂ ಹೋಗುತ್ತೆ, ಅದೂ ಹೋಗುತ್ತೆ. ಈ ಲೋ ಕಾರ್ಬ್ ಅಂತಾರಲ್ಲ, ಅದು."

"ಕೊಲೆಸ್ಟ್ರಾಲಿಗೆ ನೀವು ದಪ್ಪನೋ ಸಣ್ಣನೋ ಕಣ್ಣಿಗೆ ಕಾಣಲ್ಲ" ಅಂದ್ರು ಡಾಕ್ಟರು. ಆದ್ರೂ ಯೋಚನೆ ಮಾಡಿ, "ಸರಿ, ಮಾಡಿ ನೋಡಿ. ಇನ್ನೆರಡು ಸಲ ಟೆಸ್ಟ್ ಮಾಡಿಸೋಣ. ಎರಡರಲ್ಲೂ ಇಳೀಲಿಲ್ಲ ಅಂದ್ರೆ ಮಾತ್ರೆ. ಆಮೇಲೆ ನನ್ನ ಜತೆ ವಾದ ಮಾಡೋ ಹಾಗಿಲ್ಲ" ಅಂತ ಮಾತ್ರೆ ಚೀಟಿ ಆಗಲೇ ಬರೆದು ಕೊಟ್ಬಿಟ್ರು.

ದಟ್ಟಗಳ್ಳಿಯ ನಮ್ಮ ಮನೆಗೆ ಬಂದು ಆ ಚೀಟಿಯನ್ನ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅದನ್ನ ಗೋಡೆ ಮೇಲಿದ್ದ ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿ, "ಅವರೇ ನೋಡ್ಕಳ್ಳಿ" ಅಂದ್ಲು.

ಅವತ್ತು ಮಧ್ಯಾಹ್ನ ತಟ್ಟೇಲಿ ಮುದ್ದೆ ಬೇಡ ಅಂದೆ. ಎರಡು ಮೊಟ್ಟೆ, ಒಂದು ಬಟ್ಟಲು ಕೋಳಿಸಾರು, ಮೇಲೊಂದು ಚಮಚ ತುಪ್ಪ. ಹಳ್ಳೀಲಿ ಹುಟ್ಟಿ, ಅರವತ್ತು ವರ್ಷ ಮುದ್ದೆ ತಿರುವಿದ ಕೈ ಅಮ್ಮಂದು. ನಾನು ಬಟ್ಟಲು ಎತ್ತಿ ಸಾರು ಕುಡಿಯೋದನ್ನ ಅವಳು ಬಾಗಿಲಲ್ಲಿ ನಿಂತು ತುಂಬಾ ಹೊತ್ತು ನೋಡಿದ್ಲು. ಆಮೇಲೆ ನನ್ನ ಹೆಂಡ್ತಿ ಕಡೆ ತಿರುಗಿ ಮೆಲ್ಲಗೆ ಹೇಳಿದ್ಲು.

"ಮುದ್ದೆ ಇಲ್ದೆ ಸಾರು ಕುಡಿಯೋವು ಪಿಶಾಚಿಗಳು ಕಣಮ್ಮ. ಅವಕ್ಕೆ ನುಂಗಕ್ಕೆ ಗಂಟಲು ಇರಲ್ಲ. ಇವನಿಗೆ ಏನಾಗದೆ ಅಂತ ಒಸಿ ನೋಡು."

ಹೆಂಡ್ತಿ ನಿಜವಾಗ್ಲೂ ಟಾರ್ಚ್ ಹಿಡ್ದು ನನ್ನ ಗಂಟಲು ನೋಡಿದ್ಲು.

ಅಪ್ಪನ ಷರಟು

ಮೂರು ತಿಂಗಳಲ್ಲಿ ಹನ್ನೊಂದು ಕೆಜಿ ಇಳೀತು. ಪ್ಯಾಂಟು ಬೆಲ್ಟಿನ ಮರ್ಯಾದೆ ಮೇಲೆ ನಿಂತಿತ್ತು. ಷರಟು ಹಾಕ್ಕೊಂಡ್ರೆ ಒಳಗೆ ಇನ್ನೊಬ್ಬರಿಗೆ ಜಾಗ ಇರ್ತಿತ್ತು. ಹೊಸದು ಹೊಲಿಸೋಣ ಅಂದ್ರೆ ಹೆಂಡ್ತಿ, "ಇನ್ನೂ ಇಳೀತಿದ್ದೀರಲ್ಲ, ಒಂದು ಕಡೆ ನಿಂತ ಮೇಲೆ ಹೊಲಿಸೋಣ" ಅಂತ ಹೇಳಿ ಅಮ್ಮನ ಟ್ರಂಕಿನಿಂದ ಅಪ್ಪನ ಮೂರು ಷರಟು ತೆಗೆದ್ಲು. ಮೂವತ್ತಮೂರು ವರ್ಷದಿಂದ ಅಮ್ಮ ನುಸಿಗುಳಿಗೆ ಹಾಕಿ ಇಟ್ಟಿದ್ದಳು.

ತಿಳಿ ನೀಲಿ ಚೌಕಳಿ ಷರಟು ಹಾಕ್ಕೊಂಡೆ. ಭುಜ ಸರಿಯಾಗಿ ಕೂತ್ಕೊಳ್ತು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂತು. ಮೇಲಿನ ಗುಂಡಿ ಸ್ವಲ್ಪ ಸಡಿಲ ಇತ್ತು. ಅದು ಅಪ್ಪನಿಗೂ ಹಾಗೇ ಇತ್ತಂತೆ. ಅಮ್ಮ ನೋಡಿ, ಸೀದಾ ಅಡುಗೆಮನೆಗೆ ಹೋದ್ಲು. ಆಮೇಲೆ ಅಲ್ಲಿಂದ ಕೇಳಿದ್ಲು. "ಕಾಫಿಗೆ ಸಕ್ಕರೆ ಎಷ್ಟು ಆಕ್ಲಿ?" ಸಕ್ಕರೆ ಬಿಟ್ಟು ಮೂರು ತಿಂಗಳಾಗಿರೋದು ಅವಳಿಗೆ ಚೆನ್ನಾಗಿ ಗೊತ್ತು. ಕೇಳಿದ್ದು ನನ್ನನ್ನಲ್ಲ.

ಅದೇ ಷರಟಿನಲ್ಲಿ ಒಂದು ಭಾನುವಾರ ಬನ್ನಿಮಂಟಪದ ಕಡೆ ಹೋಗಿದ್ದೆ. ಅಪ್ಪ ಅಲ್ಲಿ ಲಾರಿ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ರು. ಶೆಡ್ಡು ಈಗಿಲ್ಲ, ಪಕ್ಕದ ಕ್ಷೌರದ ಅಂಗಡಿ ಮಾತ್ರ ಇನ್ನೂ ಇದೆ. ಕೂದಲು ಬೆಳೆದಿತ್ತು. ಒಳಗೆ ಹೋದೆ. ಎಂಬತ್ತು ದಾಟಿದ ಅಜ್ಜ ಒಬ್ಬರೇ ಕೂತಿದ್ರು. ಕಣ್ಣಿಗೆ ದಪ್ಪ ಕನ್ನಡಕ. ನನ್ನ ನೋಡಿ ಎದ್ದು, ಕುರ್ಚಿ ಮೇಲಿನ ಧೂಳು ಹೊಡೆದ್ರು.

"ಬನ್ನಿ ಬನ್ನಿ. ಬಾಳ ದಿನ ಆಯ್ತಲ್ಲ ಈ ಕಡೆ ಬಂದು. ಎಲ್ಲೋಗಿದ್ರಿ?"

ಅಜ್ಜ ನನ್ನ ಗುರುತು ಹಿಡಿದ್ರಲ್ಲ ಅಂತ ಖುಷಿಯಾಗಿ, "ಎಲ್ಲೂ ಇಲ್ಲ, ಇಲ್ಲೇ ಇದ್ದೆ" ಅಂದೆ.

"ಯಾವಾಗ್ಲೂ ಮಾಡೋ ಅಂಗೇ ಮಾಡ್ಲಾ?"

ನಾನು ಆ ಅಂಗಡಿಗೆ ಕೂದಲು ಕತ್ತರಿಸ್ಕೊಳ್ಳೋಕೆ ಹೋಗಿದ್ದು ಅದೇ ಮೊದಲು. ಆಗ ಅರ್ಥ ಆಯ್ತು. ಎದ್ದು ಬರೋಣ ಅಂದ್ರೆ ಬಟ್ಟೆ ಕಟ್ಟಿ ಆಗಿತ್ತು. "ಹೂಂ" ಅಂದೆ. ಅಪ್ಪ ಜೀವಮಾನದಲ್ಲಿ ಎಲ್ಲದಕ್ಕೂ ಕೊಡ್ತಿದ್ದ ಉತ್ತರ ಅದೊಂದೇ. ನನ್ನ ಬಾಯಿಂದ ಅದೇ ಧ್ವನಿಯಲ್ಲಿ ಬಂತು.

ಕನ್ನಡಿ ಅಂಚಿನಲ್ಲಿ ಪಾದರಸ ಉದುರಿ ಕಪ್ಪಾಗಿತ್ತು. ಕತ್ತರಿ ಆಡ್ತಾ ಆಡ್ತಾ ಅದರೊಳಗೆ ಒಂದೊಂದೇ ಅಂಗುಲ ಅಪ್ಪ ಕಾಣಿಸ್ಕೊಳ್ತಾ ಬಂದ್ರು. ಮೊದಲು ಕಿವಿ, ಆಮೇಲೆ ಪಕ್ಕದ ಬೈತಲೆ, ಆಮೇಲೆ ಕೆನ್ನೆಯ ಗುಳಿ.

"ಎದೆ ಉರೀತದೆ ಅಂತಿದ್ರಲ್ಲ, ಎಂಗದೆ ಈಗ?"

"ಈಗಿಲ್ಲ" ಅಂದೆ. ಅಪ್ಪನ ಕಡೆಯಿಂದ ನೋಡಿದ್ರೆ ಅದು ಸುಳ್ಳಲ್ಲ.

"ಮನೇಲಿ ಎಲ್ಲಾ ಚೆನ್ನಾಗವ್ರಾ? ನಿಮ್ ಮಗ?"

"ಇದ್ದಾನೆ. ಆಫೀಸಿಗೆ ಹೋಗ್ತಾನೆ."

ಅಜ್ಜ ಕತ್ತರಿ ನಿಲ್ಲಿಸಿ ನನ್ನ ಕಿವಿ ಹತ್ರ ಬಗ್ಗಿದ್ರು. "ಬಾಳ ದಪ್ಪ ಆಗ್ಬುಟ್ಟವ್ನಂತೆ. ಯಾರೋ ಅಂದ್ರು. ಒಸಿ ಅನ್ನ ಕಮ್ಮಿ ಮಾಡ್ಸಿ. ನೀವಾದ್ರೆ ಸಣ್ಣಗಿದ್ದೀರಿ, ನಿಮ್ಗೇನೂ ಆಗಲ್ಲ."

"ಹೇಳ್ತೀನಿ ಅವನಿಗೆ" ಅಂದೆ.

ದಟ್ಟಗಳ್ಳಿ ಬಸ್ಸಲ್ಲಿ ಕೂತು ದಾರಿಯುದ್ದಕ್ಕೂ ನನಗೂ ಆ ಮಗನ ಬಗ್ಗೆ ಯೋಚನೆ ಆಯ್ತು.

ಬಿನ್ ಲೇಟ್

ಎರಡನೇ ಟೆಸ್ಟಿಗೆ ಲ್ಯಾಬಿನಿಂದ ಒಬ್ಬ ಹೆಂಗಸು ಬೆಳಗ್ಗೆ ಮನೆಗೇ ಬಂದು ರಕ್ತ ತಗೊಂಡ್ರು. ಹೋಗೋವಾಗ ಒಂದು ಫಾರಂ ಕೊಟ್ಟು ಪೂರ್ತಿ ಹೆಸರು ಬರೀರಿ ಅಂದ್ರು. ನನಗೆ ಫಾರಂ ಅಂದ್ರೆ ಆಫೀಸು. ನಮ್ಮಲ್ಲಿ ಹಳೇ ಕಂದಾಯ ಕಾಗದದ ಪದ್ಧತಿ ಇನ್ನೂ ಇದೆ. ಇಂಥವನು ಬಿನ್ ಇಂಥವನು, ಅಂದ್ರೆ ಇಂಥವನ ಮಗ. ತಂದೆ ಇಲ್ಲದಿದ್ರೆ ಅವರ ಹೆಸರಿನ ಹಿಂದೆ ಲೇಟ್. ಕೈ ತಾನಾಗೇ ಬರೀತು. ನನ್ನ ಹೆಸರು, ಮುಂದೆ ಬಿನ್ ಲೇಟ್ ಚಿಕ್ಕತಿಮ್ಮಯ್ಯ.

ಸಂಜೆ ಮೊಬೈಲಿಗೆ ಮೆಸೇಜ್ ಬಂತು. "ಪ್ರಿಯ ಲೇಟ್ ಚಿಕ್ಕತಿಮ್ಮಯ್ಯನವರೇ, ನಿಮ್ಮ ವರದಿ ಸಿದ್ಧವಾಗಿದೆ. ಸದಾ ಆರೋಗ್ಯವಾಗಿರಿ."

ರಿಪೋರ್ಟ್ ತೆಗೆದೆ. ಪೇಷೆಂಟ್ ಹೆಸರು ಲೇಟ್ ಚಿಕ್ಕತಿಮ್ಮಯ್ಯ, ಪುರುಷ, ವಯಸ್ಸು ಐವತ್ತೊಂದು. ಅಪ್ಪ ಹೋಗಿ ಮೂವತ್ತಮೂರು ವರ್ಷ ಆಗಿತ್ತು. ಕೊನೇ ಸಲ ಊಟ ಮಾಡಿ ಹನ್ನೆರಡು ಗಂಟೆ ಆಗಿದೆ ಅಂತ ಬರೆದಿದ್ರು.

ಕೆಳಗೆ ಅಂಕಿಗಳು. ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಅರ್ಧಕ್ಕರ್ಧ ಇಳಿದಿತ್ತು. ಒಳ್ಳೇ ಕೊಲೆಸ್ಟ್ರಾಲ್ ಸ್ವಲ್ಪ ಏರಿತ್ತು. ಎರಡೂ ಸಂತೋಷದ ವಿಷಯ. ಕೆಟ್ಟದ್ದು ಮಾತ್ರ ನೂರ ನಲವತ್ತೆಂಟರಿಂದ ನೂರ ಎಪ್ಪತ್ತೊಂದಕ್ಕೆ ಹೋಗಿತ್ತು.

ಆ ಹೆಂಗಸಿಗೆ ಫೋನ್ ಮಾಡಿದೆ. "ಹೆಸರು ತಪ್ಪಾಗಿದೆಯಮ್ಮ. ಅದು ನಮ್ಮ ತಂದೆ ಹೆಸರು. ನಂದಲ್ಲ."

"ಬಿನ್ ಆದ್ಮೇಲೆ ಬರೋದೇ ಪೇಷೆಂಟು, ಮೊದಲ್ನೇ ಹೆಸರು ಕರ್ಕೊಂಡು ಬಂದೋರದ್ದು ಅಂತ ಅಂದ್ಕೊಂಡಿದ್ದಾರೆ ಸರ್ ಕಂಪ್ಯೂಟರ್ನವರು."

"ಲೇಟ್ ಅಂತ ಬೇರೆ ಬರೆದಿದ್ದೆನಲ್ಲ."

"ಅದಕ್ಕೇ ಸರ್ ನಾನೂ ಆರು ಗಂಟೆಗೆ ಬರದೆ ಏಳಕ್ಕೆ ಬಂದಿದ್ದು. ನೀವು ಬುಕ್ ಮಾಡೋವಾಗಲೂ ಫೋನಲ್ಲಿ ಹಾಗೇ ಹೇಳಿದ್ರಿ, ಲೇಟ್ ಅಂತ."

"ಲೇಟ್ ಅಂದ್ರೆ ತೀರ್ಕೊಂಡೋರಮ್ಮ."

ಆ ಕಡೆ ಕಾಗದ ತಿರುವಿದ ಸದ್ದು ಬಂತು. ಆಮೇಲೆ ಮೆತ್ತಗೆ, "ರಕ್ತ ಚೆನ್ನಾಗೇ ಬಂತಲ್ಲ ಸರ್" ಅಂದ್ರು.

ಹೆಸರು ಸರಿ ಮಾಡಿಕೊಡಿ ಅಂದೆ. ಪೇಷೆಂಟೇ ಆಧಾರ್ ಕಾರ್ಡ್ ತಗೊಂಡು ಖುದ್ದಾಗಿ ಬರಬೇಕು ಅಂದ್ರು. ಅವರು ಬರೋಕಾಗಲ್ಲ ಅಂದೆ. ಹಾಗಾದ್ರೆ ಅವರ ಸಹಿ ಇರೋ ಲೆಟರ್ ಆದ್ರೂ ಕೊಡಿ ಅಂದ್ರು. ನನಗೆ ಸಿಟ್ಟು ಮಾಡ್ಕೊಳ್ಳೋ ಹಕ್ಕು ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಮೇಜಿನ ಈ ಕಡೆ ಕೂತು ಎಷ್ಟೋ ಜನಕ್ಕೆ ನಾನೂ ಇಂಥದ್ದೇ ಹೇಳಿ ಕಳಿಸಿದ್ದೀನಿ.

ಅಮ್ಮನಿಗೆ ಮಾತ್ರ ಆ ರಿಪೋರ್ಟಿನಲ್ಲಿ ತಪ್ಪೇನೂ ಕಾಣಲಿಲ್ಲ. ಹೆಂಡ್ತಿ ಹತ್ರ ಓದಿಸಿ ಕೇಳಿಸ್ಕೊಂಡ್ಲು.

"ಆವಾಗ ಯಾರೂ ನೋಡ್ಲಿಲ್ಲ. ಎದೆ ಉರೀತದೆ ಅಂದ್ರು, ಡಾಕ್ಟ್ರತ್ರ ಓಗಾನ ಅಂದೆ, ಏನಿಲ್ಲ ಬುಡು ಅಂತ ಒಂದು ಸೋಡಾ ಕುಡುದು ಮನೀಕಂಡ್ರು. ಈಗ್ಲಾದ್ರೂ ಗೊತ್ತಾಯ್ತಲ್ಲ, ಎಷ್ಟಿತ್ತು ಅಂತ."

ಅದನ್ನ ಮಡಿಸಿ ಅದೇ ಫೋಟೋ ಹಿಂದೆ, ಡಾಕ್ಟರ ಚೀಟಿ ಜತೆ ಸಿಕ್ಕಿಸಿದ್ಲು. ಮಾರನೇ ತಿಂಗಳು ಲ್ಯಾಬಿನಿಂದ ಮತ್ತೆ ಮೆಸೇಜ್ ಬಂತು. "ಲೇಟ್ ಚಿಕ್ಕತಿಮ್ಮಯ್ಯನವರೇ, ನಿಮ್ಮನ್ನು ನೋಡಿ ಬಹಳ ದಿನವಾಯಿತು."

ಎರಡು ಗೆರೆ

ನಾನು ಎಲ್ಲವನ್ನೂ ಬರೆದಿಡೋ ಮನುಷ್ಯ. ಫ್ರಿಜ್ ಬಾಗಿಲ ಮೇಲೆ ಒಂದು ಗ್ರಾಫ್ ಹಾಳೆ ಅಂಟಿಸಿದ್ದೆ. ನೀಲಿ ಗೆರೆ ನನ್ನ ತೂಕ, ಮೇಲಿಂದ ಕೆಳಗೆ ಬರ್ತಿತ್ತು. ಕೆಂಪು ಗೆರೆ ಕೊಲೆಸ್ಟ್ರಾಲು, ಕೆಳಗಿಂದ ಮೇಲೆ ಹೋಗ್ತಿತ್ತು. ಇನ್ನು ಮುಂದೆ ಹೇಗೆ ಹೋಗಬಹುದು ಅಂತ ಎರಡಕ್ಕೂ ಪೆನ್ಸಿಲಲ್ಲಿ ಚುಕ್ಕಿ ಇಟ್ಟಿದ್ದೆ. ಡಾಕ್ಟರಿಗೆ ತೋರಿಸಿದಾಗ, "ತೂಕ ಇಳೀತಾ ಇರೋವಾಗ ಕೆಲವರಿಗೆ ಹೀಗೂ ಏರುತ್ತೆ. ತುಪ್ಪ ಬೆಣ್ಣೆ ಕಮ್ಮಿ ಮಾಡಿ. ಆದ್ರೆ ನಿಮ್ಮ ತಂದೆ ವಿಷಯ ಇದೆಯಲ್ಲ, ನಾನು ಬಹಳ ದಿನ ಕಾಯಲ್ಲ" ಅಂದಿದ್ರು. ನನಗೆ ಅದರಲ್ಲಿ ಮೊದಲ್ನೇ ವಾಕ್ಯ ಮಾತ್ರ ಕೇಳಿಸಿತ್ತು.

ಒಂದು ದಿನ ಅಮ್ಮ ಮೊಸರು ತೆಗೆಯೋಕೆ ಬಂದವಳು ಹಾಳೆ ಮುಂದೆ ನಿಂತ್ಕೊಂಡ್ಲು.

"ಈ ನೀಲಿ ಯಾರ್ದು?"

"ನಂದು."

"ಕೆಂಪು ನಿಮ್ಮಪ್ಪಂದಾ?"

"ಅದೂ ನಂದೇ ಕಣಮ್ಮ. ಹೆಸರು ತಪ್ಪಾಗಿತ್ತು ಅಷ್ಟೇ."

ಅಮ್ಮ ಒಪ್ಪಲಿಲ್ಲ. ಬೆರಳಿಟ್ಟು ಚೌಕ ಚೌಕ ಎಣಿಸ್ತಾ ಹೋದ್ಲು. ಚುಕ್ಕಿಗಳು ಒಂದರ ಮೇಲೊಂದು ಹಾಯೋ ಜಾಗಕ್ಕೆ ಬಂದು ಬೆರಳು ನಿಂತ್ಕೊಳ್ತು. "ನೀವಿಬ್ರೂ ಇಲ್ಲಿ ಸೇರ್ತೀರಲ್ಲ, ಇದು ಯಾವ ತಿಂಗಳು?"

ನೋಡಿದೆ. ಮಹಾಲಯ ಅಮಾವಾಸ್ಯೆ ಬರೋ ತಿಂಗಳು. ಒಂದು ಗೆರೆ ಕೆಜಿ, ಇನ್ನೊಂದು ಬೇರೆ ಲೆಕ್ಕ, ಅವೆರಡು ಸೇರೋದಕ್ಕೆ ಅರ್ಥವೇ ಇಲ್ಲ ಅಂತ ಎಷ್ಟೋ ಹೇಳಿದೆ. ಅಮ್ಮ ಮೊಸರಿನ ಪಾತ್ರೆ ಹಿಡ್ಕೊಂಡು ಯೋಚನೆ ಮಾಡ್ತಾ ನಿಂತಿದ್ಲು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದ ಅಡುಗೆ ಎಲ್ಲ ಬಡಿಸಿ ಎಡೆ ಇಡ್ತೀವಿ.

"ಅಂಗಾರೆ ಈ ಸಲ ಒಂದು ಎಲೆ ಆಕಾನಾ," ಅಂದ್ಲು ಅಮ್ಮ, "ಎರಡು ಆಕಾನಾ?"

ನಾಮಿನಿ

ಇದು ಚಿಕ್ಕದು. ಒಂದು ಬೆಳಗ್ಗೆ ಪಕ್ಕದ ಮೇಜಿನ ಸಹೋದ್ಯೋಗಿ, ಹದಿನೈದು ವರ್ಷದಿಂದ ನನ್ನ ಡಬ್ಬಿಯಿಂದ ತಿಂದವರು, ಕುರ್ಚಿ ಹತ್ರಕ್ಕೆ ಎಳ್ಕೊಂಡು ಕೂತ್ರು.

"ಸಾರ್, ತಪ್ಪು ತಿಳ್ಕೋಬೇಡಿ. ತುಂಬಾ ಇಳಿದ್ಬಿಟ್ಟಿದ್ದೀರಿ."

"ಡಯೆಟ್ ಮಾಡ್ತಿದ್ದೀನಿ."

"ಎಲ್ಲರೂ ಹಾಗೇ ಹೇಳೋದು ಸಾರ್." ಸುತ್ತ ನೋಡಿದ್ರು. "ನಿಮ್ಮ ಪಾಲಿಸೀಲಿ ನಾಮಿನಿ ಇನ್ನೂ ನಿಮ್ಮ ತಂದೆ ಹೆಸರಲ್ಲೇ ಇದೆ."

ಹೌದಾ ಅಂತ ನೋಡಿದ್ರೆ, ಹೌದು. ಹದಿನೆಂಟು ತುಂಬಿದ ಕೂಡಲೇ ಅಪ್ಪನೇ ಮಾಡಿಸಿದ ಪಾಲಿಸಿ, ಬದಲಾಯಿಸಿರಲಿಲ್ಲ. ಜನರಿಗೆ ದಿನಾ ಬುದ್ಧಿ ಹೇಳೋ ನಾನು ಸತ್ತರೆ, ಹಣ ಬಂದು ತಗೋಬೇಕಾದವರು ಅಪ್ಪ.

"ಈಗ್ಲೇ ಬದಲಾಯಿಸಿಬಿಡಿ ಸಾರ್" ಅಂದ್ರು ಅವರು. "ಆಮೇಲೆ ನಿಮ್ಮಿಬ್ಬರನ್ನೂ ಹುಡ್ಕೊಂಡು ನಾನು ಎಲ್ಲಿಗೆ ಅಂತ ಹೋಗ್ಲಿ."

ಎಡೆ

ಮೂರನೇ ಟೆಸ್ಟಿಗೆ ಮಹಾಲಯ ಅಮಾವಾಸ್ಯೆ ಹಿಂದಿನ ದಿನ ರಕ್ತ ಕೊಟ್ಟೆ. ಈ ಸಲ ಹೆಸರು ಸರಿಯಾಗಿ ಬರೆದಿದ್ದೆ, ಬಿನ್ ಇಲ್ಲ, ಲೇಟ್ ಇಲ್ಲ. ಅಮಾವಾಸ್ಯೆ ದಿನ ಮಧ್ಯಾಹ್ನ ರಿಪೋರ್ಟ್ ಬಂತು. ನನ್ನ ಹೆಸರಲ್ಲೇ ಬಂತು. ಇನ್ನೂರ ಮೂರು.

ತೂಕ ಎಪ್ಪತ್ನಾಲ್ಕು. ಹದಿನೆಂಟು ಕೆಜಿ ಕಳ್ಕೊಂಡು ನಾನು ಸಂಪಾದಿಸಿದ್ದು ಐವತ್ತೈದು ಪಾಯಿಂಟ್ ಕೆಟ್ಟ ಕೊಲೆಸ್ಟ್ರಾಲು ಮತ್ತು ಅಪ್ಪನ ಮುಖ. ಅಪ್ಪನ ಥರ ಆಗಬಾರದು ಅಂತ ಹೊರಟವನು ಅಂಗುಲ ಬಿಡದೆ ಅಪ್ಪನೇ ಆಗಿದ್ದೆ. ಇನ್ನು ಮೂರು ದಿನಕ್ಕೆ ಅವರ ವಯಸ್ಸೂ ಬರ್ತಿತ್ತು.

"ರಿಪೋರ್ಟ್ ಬಂತಾ?" ಅಂತ ಅಮ್ಮ ಕೇಳಿದ್ಲು.

"ಇನ್ನೂ ಇಲ್ಲ ಕಣಮ್ಮ." ತೂಕ ಒಂದು ಕಡೆ ನಿಲ್ಲಲಿ, ಇನ್ನೊಂದು ಟೆಸ್ಟ್ ಮಾಡಿಸೋಣ, ಡಾಕ್ಟರಿಗೆ ಏನಾದ್ರೂ ಹೇಳೋಣ ಅಂತ ಮನಸ್ಸಲ್ಲಿ ಆಗಲೇ ಲೆಕ್ಕ ಹಾಕಿದ್ದೆ. ಏನಿಲ್ಲ ಬುಡು ಅಂದು ಸೋಡಾ ಕುಡಿಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸಿತ್ತು. ನಾನು ಕುಡಿದಿದ್ದು ಸೋಡಾ ಅಲ್ಲ, ನಿಂಬೆಹಣ್ಣಿನ ನೀರು.

ದೀಪ ಹಚ್ಚೋ ಹೊತ್ತಿಗೆ ಹಿಂದಿನ ರೂಮಲ್ಲಿ ಅಪ್ಪನ ಫೋಟೋ ಮುಂದೆ ಅಮ್ಮ ಎಡೆ ಇಟ್ಟಳು. ಒಂದೇ ಎಲೆ. ಮುದ್ದೆ, ಬಾಡಿನ ಸಾರು, ಕೋಳಿ, ಅನ್ನ, ಎರಡು ಕಡಲೆಬೇಳೆ ವಡೆ, ಮೂರು ಕಜ್ಜಾಯ. ಪಕ್ಕದಲ್ಲಿ ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಲೈಟ್ ಆರಿಸಿ, ಎಣ್ಣೆ ದೀಪ ಮಾತ್ರ ಉಳಿಸಿ, ಬಾಗಿಲು ಹಾಕಿದ್ಲು. ಹಿರಿಯರು ಬಂದು ಉಣ್ಣೋವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗೋದು ನಮ್ಮ ಪದ್ಧತಿ.

ಅಮ್ಮನೂ ಹೆಂಡ್ತೀನೂ ಮುಂದಿನ ವರಾಂಡದಲ್ಲಿ ಕೂತ್ರು. ನಾನು ಫೋನ್ ಬಂತು ಅಂತ ಹೇಳಿ ಎದ್ದೆ. ಫೋನ್ ಬಂದಿರಲಿಲ್ಲ. ಬಂದಿದ್ದು ಕಜ್ಜಾಯದ ವಾಸನೆ. ಐದೂವರೆ ತಿಂಗಳಿಂದ ಬೆಲ್ಲ ಕಂಡಿರದ ಮನುಷ್ಯ ನಾನು. ಇನ್ನೂರ ಮೂರು ಅಂತ ನೋಡಿದ ಮೇಲೆ ಇನ್ನೇನು ಉಳಿಸ್ಕೊಳ್ಳೋದು ಅನ್ನೋ ಬೇಜಾರು ಬೇರೆ. ಮನೆ ಪಕ್ಕದ ಓಣೀಲಿ ಸುತ್ತು ಹಾಕಿ, ಬಟ್ಟೆ ಒಗೆಯೋ ಜಾಗದಿಂದ ಆ ರೂಮಿಗಿದ್ದ ಹಿಂಬಾಗಿಲು ತೆಗೆದು ಒಳಗೆ ಹೋದೆ.

ದೀಪ ಒಂದು ಸಲ ಬಗ್ಗಿ ಎದ್ದಿತು. ಫೋಟೋದಲ್ಲಿ ಅಪ್ಪ ನನ್ನ ನೋಡಿದ್ರು. ಅವರೂ ಅದೇ ತಿಳಿ ನೀಲಿ ಚೌಕಳಿ ಷರಟಿನಲ್ಲಿದ್ರು. ನಾನೂ ಅದರಲ್ಲೇ ಇದ್ದೆ. "ಒಂದೇ ಒಂದು" ಅಂತ ಅವರಿಗೆ ಹೇಳಿ ಎಲೆ ಮುಂದೆ ಕೂತು ಮೊದಲನೇ ಕಜ್ಜಾಯ ಬಾಯಿಗೆ ಹಾಕ್ಕೊಂಡೆ. ಎರಡನೇದು ತಾನಾಗೇ ಹೋಯ್ತು. ಮೂರನೇದು ಬಾಯಲ್ಲಿ ಇರೋವಾಗ ನನ್ನ ಹಿಂದೆ ಒಳಬಾಗಿಲು ಮೆಲ್ಲಗೆ ತೆರೆದ ಸದ್ದು ಬಂತು. ತಟ್ಟಲೂ ಇಲ್ಲ, ಕೆಮ್ಮಲೂ ಇಲ್ಲ.

ತಿರುಗೋ ಧೈರ್ಯ ಬರಲಿಲ್ಲ.

"ಬಂದ್ರಾ" ಅಂತ ಅಮ್ಮನ ದನಿ ಕೇಳಿಸ್ತು.

ನನ್ನ ದವಡೆ ನಿಂತುಹೋಯ್ತು.

"ಎದ್ದೇಳ್ಬೇಡಿ, ನಿಧಾನಕ್ಕೆ ಉಣ್ಣಿ. ನಾನು ನೋಡಾಕೆ ಬಂದಿಲ್ಲ, ಒಂದು ಮಾತು ಏಳ್ಬೇಕಾಗಿತ್ತು." ಅಮ್ಮ ಅಪ್ಪನ ಜತೆ ಮಾತಾಡ್ತಿದ್ದ ದನಿ ನನಗೆ ಮರೆತೇ ಹೋಗಿತ್ತು. ಅದು ಚಿಕ್ಕ ವಯಸ್ಸಿನ ದನಿ. "ನಿಮ್ ಮಗ ನನ್ ಮಾತು ಕೇಳಲ್ಲ. ರಿಪೋರ್ಟ್ ಬಂದದೆ, ಬಂದಿಲ್ಲ ಅಂತಾನೆ. ಮೊಬೈಲ್ ನೋಡುದ್ನಲ್ಲ, ಮಖ ನೋಡುದ್ರೆ ಗೊತ್ತಾಗಲ್ವಾ. ಅವತ್ತು ನೀವೂ ಇಂಗೇ ಮಖ ಮಾಡ್ಕಂಡು ಏನಿಲ್ಲ ಬುಡು ಅಂದ್ರಿ. ನಾನೂ ಸುಮ್ನಾದೆ. ಬೆಳಗ್ಗೆ ಎಬ್ಬಿಸಾಕೆ ಬಂದೆ."

ಸೆರಗಲ್ಲಿ ಮೂಗು ಒರೆಸ್ಕೊಂಡ ಸದ್ದು ಕೇಳಿಸ್ತು.

"ಇನ್ನೊಂದು ಸಲ ನಾನು ಸುಮ್ನಾಗಲ್ಲ. ಮಾತ್ರೆ ತಗೋ ಅಂತ ಅವ್ನಿಗೆ ನೀವೇ ಏಳಿ. ಏಳ್ತೀರಾ?"

ಬಾಯಿ ತುಂಬಾ ಕಜ್ಜಾಯ. ಬೇರೆ ಏನು ಹೇಳೋಕೂ ಜಾಗ ಇರಲಿಲ್ಲ.

"ಹೂಂ" ಅಂದೆ.

"ಆಯ್ತು. ಉಣ್ಣಿ" ಅಂದ್ಲು. ಬಾಗಿಲು ಮುಚ್ಕೊಳ್ತು.

ನಾನು ಬಂದ ದಾರೀಲೇ ಹೊರಗೆ ಹೋಗಿ, ನಲ್ಲಿ ಕೆಳಗೆ ಕೈ ಬಾಯಿ ತೊಳ್ಕೊಂಡು, ಕಣ್ಣನ್ನೂ ತೊಳ್ಕೊಂಡು, ವರಾಂಡಕ್ಕೆ ಬಂದು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಪದ್ಧತಿ ಪ್ರಕಾರ ಬಾಗಿಲು ಮೂರು ಸಲ ತಟ್ಟಿ, ಕೆಮ್ಮಿ, ಒಳಗೆ ಹೋದ್ಲು. ಎಲೆ ತಗೊಂಡು ಬಂದ್ಲು. ಮುಖದಲ್ಲಿ ಏನೂ ಇರಲಿಲ್ಲ.

ಎಡೆ ಊಟಕ್ಕೆ ಮೂವರೂ ಕೂತ್ವಿ. ನನ್ನ ಎಲೆಗೆ ಅಮ್ಮ ಅರ್ಧ ಮುದ್ದೆ ಹಾಕಿದ್ಲು. ನಾನು ಬೇಡ ಅನ್ನಲಿಲ್ಲ.

"ನಿಮ್ಮಪ್ಪ ಬಂದಿದ್ರು" ಅಂದ್ಲು.

"ಹೌದಾ."

"ಮಾತ್ರೆ ವಿಷ್ಯ ನಿನಗೆ ಏಳ್ತೀನಿ ಅಂತ ಒಪ್ಕಂಡ್ರು. ಏಳಿದ್ರಾ?"

ಹೆಂಡ್ತಿ ನನ್ನ ಮುಖ ನೋಡಿದ್ಲು. "ಹೇಳಿದ್ರು" ಅಂದೆ.

"ಏನಂದ್ರು?"

"ಇವತ್ತಿಂದಾನೇ ತಗೋ ಅಂದ್ರು. ಇನ್ನೂರ ಮೂರು ಅಂತೆ."

ಅಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಒಂದು ಸ್ಟ್ರಿಪ್ ತೆಗೆದು ನನ್ನ ಎಲೆ ಪಕ್ಕ ಇಟ್ಟಳು. ಫೋಟೋ ಹಿಂದಿನ ಚೀಟಿ ಕೊಟ್ಟು ಹೆಂಡ್ತಿ ಕೈಲಿ ಯಾವಾಗಲೋ ತರಿಸಿ ಇಟ್ಕೊಂಡಿದ್ದಳು. ಆಮೇಲೆ ಸಾರು ಬಡಿಸ್ತಾ, ನೆಲ ನೋಡ್ತಾ ಹೇಳಿದ್ಲು.

"ನಿಮ್ಮಪ್ಪ ಕಜ್ಜಾಯ ಮುಟ್ತಿರ್ಲಿಲ್ಲ ಕಣೋ. ಬೆಲ್ಲ ತಿಂದ್ರೆ ಹಲ್ಲು ಜುಂ ಅನ್ನೋದು ಅವರಿಗೆ. ಮೂವತ್ತಮೂರು ವರ್ಷದಾಗೆ ಅವರೆಲೆಗೆ ನಾನು ಕಜ್ಜಾಯ ಮಡಗಿದ್ದು ಇದೇ ಮೊದಲು. ಇಂಬಾಗಿಲ ಚಿಲ್ಕಾನೂ ನಾನೇ ತೆಗ್ದಿದ್ದೆ."

ನಾನು ಮುದ್ದೆ ಮುರೀತಾ ಇದ್ದೆ. ತಲೆ ಎತ್ತಲಿಲ್ಲ. ಹೆಂಡ್ತಿ ಸೆರಗು ಬಾಯಿಗೆ ಒತ್ಕೊಂಡಿದ್ದಳು. ಅವಳಿಗೆ ಎಲ್ಲಾ ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ.

"ಓಗ್ಲಿ, ಮೂರೂ ತಿಂದ್ಯಲ್ಲ, ನಿಂಗೇ ಮಾಡಿದ್ದು" ಅಂದ್ಲು ಅಮ್ಮ. "ಆದ್ರೆ ಆ ವಡೆಗೆ ಯಾಕೆ ಕೈ ಆಕ್ದ ಕಣಪ್ಪ? ಅವರಿಗೆ ಅಂತ ಇದ್ದಿದ್ದು ಅವೆರಡೇ."

"ಯಾವ ವಡೆ?"

"ಎರಡು ವಡೆ ಮಡಗಿದ್ನಲ್ಲ. ಎಲೆ ಮೇಲೆ ಒಂದೂ ಇಲ್ಲ."

"ನಾನು ವಡೆ ಮುಟ್ಟೇ ಇಲ್ಲ ಕಣಮ್ಮ. ಕಜ್ಜಾಯ ಮೂರೇ."

ಅಮ್ಮ ಹೆಂಡ್ತಿ ಕಡೆ ನೋಡಿದ್ಲು.

"ನಾನು ವರಾಂಡ ಬಿಟ್ಟು ಎದ್ದೇ ಇಲ್ಲ ಅತ್ತೆ" ಅಂದ್ಲು ಹೆಂಡ್ತಿ. ಸೆರಗು ಬಾಯಿಂದ ಕೆಳಗೆ ಬಂದಿತ್ತು.

ಮೂವರೂ ಆ ರೂಮಿನ ಕಡೆ ತಿರುಗಿದ್ವಿ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪ ಅಲ್ಲಾಡದೆ ನೆಟ್ಟಗೆ ಉರೀತಿತ್ತು. ಹಿಂಬಾಗಿಲು ಮುಚ್ಚಿತ್ತು. ಬೀಡಿ ವಾಸನೆ ಸ್ವಲ್ಪ ಬಂದ ಹಾಗೆ ನನಗೆ ಅನ್ನಿಸ್ತು. ಯಾರಿಗೂ ಹೇಳಲಿಲ್ಲ.

ಹೆಂಡ್ತಿ ಚೊಂಬಿಗೆ ಕೈ ಹಾಕಿ ಸಣ್ಣ ದನೀಲಿ ಕೇಳಿದ್ಲು. "ಮಾತ್ರೆ ನುಂಗೋಕೆ ನೀರು ಕೊಡ್ಲಾ?"

"ಬೇಡ" ಅಂದೆ. "ಆಗ್ಲೇ ನುಂಗಿ ಆಯ್ತು."